ಶ್ರೀ ಎರಡು ಮೆಟ್ಟಿಲುಗಳ ಸನ್ನಿಧಿಗೆ

ತೀರ್ಥರೂಪ ಸಮಾನರಾದ ಹೋಟೆಲಿನ ಮುಂಬಾಗಿಲ ಎರಡು ಮೆಟ್ಟಿಲುಗಳಿಗೆ, ಬೆಂಗಳೂರಿನ ಹಳೇ ಗಿರಾಕಿಯೊಬ್ಬಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಕಾಗದ ಮಾಲೀಕರಿಗೆ ಬರೆಯುವುದು ಬಿಟ್ಟು ನಮಗೇಕೆ ಎಂದು ನೀವು ಕೇಳಬಹುದು. ಮಾಲೀಕರು ಬಹಳ ಒಳ್ಳೆಯವರು. ಅವರನ್ನು ನಾಲ್ಕು ಸಲ ಕಂಡಿದ್ದೇನೆ, ನಾಲ್ಕು ಸಲವೂ ಬಾದಾಮಿ ಹಾಲು ಕುಡಿಸಿ ಕಳಿಸಿದ್ದಾರೆ. ಆದರೆ ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ತೀರ್ಮಾನಿಸುವವರು ಅವರಲ್ಲ, ನೀವು. ಅಧಿಕಾರ ಎಲ್ಲಿದೆಯೋ ಅರ್ಜಿ ಅಲ್ಲಿಗೇ ಹೋಗಬೇಕಲ್ಲ.

ನನಗೊಬ್ಬ ಗೆಳತಿ ಇದ್ದಾಳೆ. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಎಳೆ ಮಗುವಾಗಿದ್ದಾಗಲೇ ಅವಳಿಗೆ ಪೋಲಿಯೊ ಬಂದಿತ್ತು. ಆಗೆಲ್ಲ ಕಾಲಿಗೆ ಕ್ಯಾಲಿಪರ್ ಕಟ್ಟಿ, ಊರುಗೋಲು ಊರಿ, ನಿಮ್ಮಂಥವರನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದಳು. ಐವತ್ತು ದಾಟಿದ ಮೇಲೆ ಭುಜಗಳು ಮುಷ್ಕರ ಹೂಡಿದವು. ಈಗ ವೀಲ್‌ಚೇರು. ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ 2014ರ ಮಾರ್ಚ್‌ನಲ್ಲಿ ಬಂದಾಗ ಫೋನು ಮಾಡಿ, "ಪೋಲಿಯೊ ಹೋಯ್ತಂತೆ ಕಣೇ, ನಾನು ಇನ್ನೂ ಇಲ್ಲೇ ಇದ್ದೀನಿ, ರಾತ್ರಿ ಊಟಕ್ಕೆ ಏನು ಮಾಡಿದ್ದೀಯ?" ಎಂದಿದ್ದಳು.

ಅವಳ ಹುಟ್ಟುಹಬ್ಬದ ದಿನ ನಾವಿಬ್ಬರೂ ಹೊರಗೆ ಊಟ ಮಾಡುವುದು ವಾಡಿಕೆ. ನಮ್ಮ ಬೇಡಿಕೆ ದೊಡ್ಡದೇನಲ್ಲ. ಆರಾಮಾಗಿ ಕೂರಬೇಕು. ಕಿರುಚದೆ ಮಾತಾಡಬೇಕು. ನಾವಿನ್ನೂ ಸಾಗು ಮುಟ್ಟಿರುವುದಿಲ್ಲ, ಅಷ್ಟರಲ್ಲೇ ನನ್ನ ಕುರ್ಚಿಯ ಬೆನ್ನು ಹಿಡಿದು ಮುಂದಿನ ಗಿರಾಕಿ ಸಕುಟುಂಬ ನಿಂತಿರುತ್ತಾರಲ್ಲ, ಅದೊಂದು ಇರಬಾರದು. ಕುರ್ಚಿಯನ್ನು ಮನೆಯಿಂದಲೇ ತರುವ ನನ್ನ ಗೆಳತಿಗೆ ಈ ಕಾಟವಿಲ್ಲ. ವೀಲ್‌ಚೇರಿನಿಂದ ಆಗುವ ಒಂದೇ ಅನುಕೂಲ ಅದು ಎನ್ನುತ್ತಾಳೆ.

ನಿಮ್ಮ ಹೋಟೆಲಿಗೆ ಬರುವ ಮೊದಲು ನಾನು ಫೋನು ಮಾಡಿಯೇ ಬಂದಿದ್ದೆ.

"ನಿಮ್ಮಲ್ಲಿ ವೀಲ್‌ಚೇರು ಒಳಗೆ ಬರುತ್ತಾ?"

"ಧಾರಾಳವಾಗಿ ಬರುತ್ತೆ ಮೇಡಂ."

"ಮೆಟ್ಟಿಲು ಇದೆಯಾ?"

"ಇಲ್ಲ ಮೇಡಂ."

ಬಂದೆವು. ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರು ಮೈಚಾಚಿ ಮಲಗಿದ್ದರಿಂದ ಮಡಿಸಿದ ವೀಲ್‌ಚೇರನ್ನು ನಾನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಬಂದಿದ್ದೆ. ಇಳಿದು ನೋಡಿದರೆ ನೀವಿಬ್ಬರೂ! ಕರಿ ಗ್ರಾನೈಟು, ಅಂಚಿಗೆ ಹಿತ್ತಾಳೆ ಪಟ್ಟಿ, ಮೇಲಿನವರ ತಲೆಯ ಮೇಲೆ ರಂಗೋಲಿ.

"ಮೆಟ್ಟಿಲು ಇಲ್ಲ ಅಂದ್ರಲ್ಲಾ?"

ಗಲ್ಲಾದಲ್ಲಿದ್ದವರು ಎದ್ದು ಬಂದು ನಿಮ್ಮನ್ನೇ ನೋಡಿದರು. ನಿಜವಾಗಿಯೂ ಮೊದಲ ಸಲ ನೋಡುತ್ತಿದ್ದಾರೆ ಅನ್ನಿಸಿತು. "ಇದಾ ಮೇಡಂ? ಇದು ಎರಡೇ ಅಲ್ವಾ?"

ಆ ಕ್ಷಣವೇ ನಿಮ್ಮ ಮೇಲೆ ನನಗೆ ಭಕ್ತಿ ಹುಟ್ಟಿದ್ದು. ಹತ್ತಬಲ್ಲವರ ಕಣ್ಣಿಗೆ ನೀವು ಕಾಣಿಸುವುದೇ ಇಲ್ಲ. ಹತ್ತಲಾರದವರ ಕಣ್ಣಿಗೆ ನಿಮ್ಮ ಹೊರತು ಬೇರೇನೂ ಕಾಣಿಸುವುದಿಲ್ಲ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳಿವೆ ಎಂದು ಜನ ದೊಡ್ಡದಾಗಿ ಹೇಳಿಕೊಳ್ಳುತ್ತಾರೆ. ಏನು ಪ್ರಯೋಜನ? ಪಕ್ಕದಲ್ಲೇ ರಸ್ತೆ ಇದೆ, ಬಸ್ಸು ಹೋಗುತ್ತದೆ, ನನ್ನ ಗೆಳತಿ ಹತ್ತು ಸಲ ಹೋಗಿ ಬಂದಿದ್ದಾಳೆ. ಸಾವಿರ ಜನ ಸೇರಿ ತಡೆಯಲಾಗದವಳನ್ನು ನೀವಿಬ್ಬರೇ ತಡೆದಿರಿ.

ಹಾಗಂತ ಹೋಟೆಲಿನವರು ಕೈಕಟ್ಟಿ ನಿಲ್ಲಲಿಲ್ಲ. ಒಳಗಿನಿಂದ ನಾಲ್ವರು ಹುಡುಗರು ಓಡಿ ಬಂದರು. ಕೇಳುವುದು ಗೀಳುವುದು ಏನೂ ಇಲ್ಲ, ಒಬ್ಬ ಮುಂದಿನ ಗಾಲಿ ಹಿಡಿದ, ಇನ್ನೊಬ್ಬ ಕೈ ಇಡುವ ಪಟ್ಟಿ ಹಿಡಿದ, ಅದು ಕಿತ್ತು ಕೈಗೆ ಬಂತು. "ಅಪ್ಪಾ, ಇಳಿಸ್ರೋ. ನಾನು ಉತ್ಸವಮೂರ್ತಿ ಅಲ್ಲ, ಊಟಕ್ಕೆ ಬಂದಿರೋಳು" ಎಂದಳು. ನಾಲ್ವರೂ ನಕ್ಕರು, ಇಳಿಸಿದರು. ಕಿತ್ತ ಪಟ್ಟಿಯನ್ನು ಸಾಂಬಾರಿನ ಕೈಯಲ್ಲೇ ಸಿಕ್ಕಿಸಿಕೊಟ್ಟರು. ಆಗ ಮಾಲೀಕರು ತಮ್ಮ ಬ್ರಹ್ಮಾಸ್ತ್ರ ತೆಗೆದರು: "ಪಾರ್ಸಲ್ ಕಟ್ಟಿಸಿಕೊಡ್ತೀನಿ ಮೇಡಂ, ಬಿಸಿಬಿಸಿಯಾಗಿ."

ಪಾರ್ಸಲ್! ಮದುವೆಮನೆಯಿಂದ ಪಾರ್ಸಲ್, ಆಫೀಸಿನ ಪಾರ್ಟಿಯಿಂದ ಪಾರ್ಸಲ್, ನೆಂಟರ ಗೃಹಪ್ರವೇಶದಿಂದ ಪಾರ್ಸಲ್. ಈ ಊರಿನ ಅರ್ಧ ಅಡುಗೆಯನ್ನು ಅವಳು ಪೇಪರ್ ಬಿಚ್ಚಿಯೇ ರುಚಿ ನೋಡಿದ್ದಾಳೆ. ಮಸಾಲೆ ದೋಸೆ ಹೆಂಚಿನಿಂದ ಇಳಿದ ಎರಡನೇ ನಿಮಿಷದಲ್ಲಿ ಹೇಗಿರುತ್ತದೆ ಎಂದು ತಿಳಿಯುವುದೇ ಆ ದಿನದ ಉದ್ದೇಶವಾಗಿತ್ತು.

ನಿಮ್ಮನ್ನು ಬಿಟ್ಟು ಬೇರೆ ಕಡೆ ಪ್ರಯತ್ನಿಸಲಿಲ್ಲವೇ ಎಂದರೆ, ಮಾಡಿದೆವು. ಒಂದು ಕಡೆ ಲಿಫ್ಟ್ ಇದೆ ಎಂದರು. ಇತ್ತು, ಸುಳ್ಳಲ್ಲ. ಆದರೆ ಅದು ಶುರುವಾಗುವುದು ಐದು ಮೆಟ್ಟಿಲು ಹತ್ತಿದ ಮೇಲೆ. ಇನ್ನೊಂದು ಕಡೆ ರ‍್ಯಾಂಪ್ ಇದೆ ಎಂದರು. ಅದೂ ಇತ್ತು, ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರು ಉರುಳಿಸಲಿಕ್ಕೆ. ಹಂಚಿನ ಮನೆಯ ಸೂರಿನಷ್ಟು ಕಡಿದು. ಹದಿನೈದು ದಿನಕ್ಕೊಮ್ಮೆ ಬರುವ ಸಿಲಿಂಡರಿಗೆ ದಾರಿ ಇದೆ, ದುಡ್ಡು ಕೊಟ್ಟು ತಿನ್ನುವ ಮನುಷ್ಯಳಿಗೆ ಇಲ್ಲ. ಮಾಲ್‌ನಲ್ಲಿ ಎಲ್ಲ ನುಣ್ಣಗೆ, ಸಮತಟ್ಟು, ಆದರೆ ಫುಡ್ ಕೋರ್ಟಿನ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಅವಳು ಟೇಬಲಿನ ಕೊನೆಯಲ್ಲಿ, ಓಡಾಡುವವರ ಕಾಲ್ದಾರಿಯಲ್ಲಿ ಕೂತು, ಪ್ರತಿ ಟ್ರೇಗೂ ತಲೆ ಬಗ್ಗಿಸಿ ತಿಂದಳು. ಮೇಲಿನಿಂದ ಡಿಜೆ. ಸ್ಟಾರ್ ಹೋಟೆಲಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಅಲ್ಲಿನ ಎರಡು ಕಾಫಿಯ ಬಿಲ್ಲಿಗೆ ನಮ್ಮ ಮನೆಗೆ ತಿಂಗಳ ಕಾಫಿಪುಡಿ ಬರುತ್ತದೆ.

ದರ್ಶಿನಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1983ರಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿಯನ್ನು ನಾವೆಲ್ಲ ಮಹಾ ಸಮಾನತೆ ಎಂದು ಹೊಗಳುತ್ತೇವೆ: ಸಾಹೇಬರೂ ನಿಂತು ತಿನ್ನುತ್ತಾರೆ, ಆಟೋದವರೂ ನಿಂತು ತಿನ್ನುತ್ತಾರೆ. ನಿಲ್ಲಬೇಕು, ಅಷ್ಟೆ. ಒಂದು ದರ್ಶಿನಿಗೆ ಮೆಟ್ಟಿಲೇ ಇರಲಿಲ್ಲ, ಸಲೀಸಾಗಿ ಒಳಗೆ ಹೋದೆವು. ಹೋಗಿ ನೋಡಿದರೆ ಆ ಎತ್ತರದ ಟೇಬಲಿನ ಅಂಚು ಅವಳ ಹುಬ್ಬಿನ ಮಟ್ಟಕ್ಕೆ. ಇಡ್ಲಿ ಕಾಣಿಸುತ್ತಿರಲಿಲ್ಲ, ಹಬೆ ಕಾಣಿಸುತ್ತಿತ್ತು. ತಟ್ಟೆ ಎತ್ತುವ ಹುಡುಗ, ಮೀಸೆ ಇನ್ನೂ ಮೂಡದವನು, ಎರಡು ನಿಮಿಷ ದೂರದಿಂದಲೇ ನೋಡಿದ. ಒಳಗೆ ಹೋಗಿ ಹಾಲಿನ ಕ್ರೇಟು ತಂದು ಮಗುಚಿ ಹಾಕಿದ, ಮೇಲೆ ಇನ್ನೊಂದು ಪೇರಿಸಿದ, ಹೆಗಲ ಮೇಲಿದ್ದ ಬಟ್ಟೆಯಿಂದ ಒರೆಸಿ ಬಾಳೆಲೆ ಹಾಸಿ, "ಇಲ್ಲಿ ಇಟ್ಕೊಳ್ಳಿ ಅಮ್ಮಾ" ಎಂದ. ಈ ಎಲ್ಲ ತಿರುಗಾಟದಲ್ಲಿ ನನಗೆ ಕಂಡ ಏಕೈಕ ಇಂಜಿನಿಯರ್ ಅವನು.

ಕೂತು ತಿನ್ನುವ ಇನ್ನೊಂದು ಹೋಟೆಲಿನಲ್ಲಿ ಸಪ್ಲೈಯರ್ ನನ್ನ ಮುಖ ನೋಡಿ, "ಅವರಿಗೆ ಏನು ಬೇಕಂತೆ ಮೇಡಂ?" ಎಂದ. ಗೆಳತಿ ನನ್ನ ಕಡೆ ತಿರುಗಿ, "ಅವರಿಗೆ ರವೆ ಇಡ್ಲಿ ಬೇಕಂತೆ ಅಂತ ಇವರಿಗೆ ಹೇಳೇ" ಎಂದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವಳು. ಇಂಥ ಹೋಟೆಲುಗಳಿಗೆ ಸಾಲ ಕೊಡಿಸಿದ್ದೂ ಅವಳೇ.

ಇನ್ನು ಆ ಹೋಟೆಲಿನ ಶೌಚಾಲಯ. ನೀವು ಹೊರಗಿನವರು, ಒಳಗಿನ ಸಂಗತಿ ನಿಮಗೆ ತಿಳಿದಿರಲಾರದು. ಬಾಗಿಲ ಮೇಲೆ ವೀಲ್‌ಚೇರಿನ ಚಿತ್ರ, ಚೆಂದದ ನೀಲಿ ಬಣ್ಣ. ಬೀಗ. ಬೀಗದ ಕೈ ಮ್ಯಾನೇಜರ ಹತ್ತಿರ, ಮ್ಯಾನೇಜರು ಊಟಕ್ಕೆ ಮನೆಗೆ. ಕೊನೆಗೆ ತೆಗೆಸಿದಾಗ ಒಳಗೆ ಫಿನಾಯಿಲ್ ಕ್ಯಾನು, ನೆಲ ಒರೆಸುವ ಕೋಲುಗಳು, ಕಾಲು ಮುರಿದ ಎರಡು ಕುರ್ಚಿ, ಗಣೇಶನ ಹಬ್ಬದ ಸೀರಿಯಲ್ ಲೈಟಿನ ಡಬ್ಬ. ಸಾಮಾನು ಹೊರಗಿಡಲು ಹುಡುಗರು ಓಡಿದರು, ಅವಳು ಬೇಡವೆಂದಳು. ಊಟಕ್ಕೆ ಹೊರಡುವ ದಿನ ಮಧ್ಯಾಹ್ನ ಹನ್ನೆರಡರ ಮೇಲೆ ಅವಳು ನೀರು ಕುಡಿಯುವುದಿಲ್ಲ. ಇದು ನನಗೆ ಗೊತ್ತಾದದ್ದು ಗೆಳೆತನದ ಮೂವತ್ತೆರಡನೇ ವರ್ಷದಲ್ಲಿ, ಅದೂ ಅವಳ ಲೋಟ ತುಂಬಿದ್ದು ತುಂಬಿದ ಹಾಗೇ ಇದ್ದದ್ದನ್ನು ನೋಡಿ ಕೇಳಿದ ಮೇಲೆ.

ನಿಮ್ಮ ಮೇಲೆ ಕಾನೂನು ಇದೆ ಎಂದು ಯಾರಾದರೂ ಹೇಳಿದ್ದಾರೋ ಇಲ್ಲವೋ. ಹೆದರಬೇಡಿ, ಇಷ್ಟು ದಿನ ಏನೂ ಆಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕರು ಬಂದುಹೋಗುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಇರುವ ಕಟ್ಟಡಗಳನ್ನು ಎಲ್ಲರೂ ಬರುವಂತೆ ಮಾಡಲು ನಿಯಮ ಬಂದಾಗಿನಿಂದ 5 ವರ್ಷ ಗಡುವು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ 2022ಕ್ಕೇ ಗಡುವು ಮುಗಿಯಿತು, ನೀವು ಮುಗಿಯಲಿಲ್ಲ. ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ. ನಿಮ್ಮ ಎ.ಸಿ. ಹಾಲಿನಲ್ಲಿ ಒಂದು ನಾಮಕರಣ ನಡೆದರೆ ಅದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ. ಎರಡನೇ ತಪ್ಪಿಗೆ 50,000ದಿಂದ 5 ಲಕ್ಷ. ಆದರೆ ಎರಡನೆಯದು ಬರಬೇಕಾದರೆ ಮೊದಲನೆಯದನ್ನು ಯಾರಾದರೂ ಬರೆದುಕೊಂಡಿರಬೇಕಲ್ಲ. ರಾಜೀವ್ ರಾಟೂರಿ ಎಂಬ ದೃಷ್ಟಿದೋಷವುಳ್ಳ ಹೋರಾಟಗಾರರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಕೋರ್ಟು ಹೇಳಿದ್ದು 2024ರ ನವೆಂಬರ್‌ನಲ್ಲಿ. ನಡುವೆ ಸರ್ಕಾರ ಸುಮ್ಮನಿರಲಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ನನ್ನ ಗೆಳತಿಗೆ ಒಂದಾದ ಮೇಲೊಂದು ಹೆಸರಿಟ್ಟು ನಾಮಕರಣ ಮಾಡುತ್ತಲೇ ಇತ್ತು. ಮೆಟ್ಟಿಲಿಗೂ ಒಂದು ಒಳ್ಳೆಯ ಹೆಸರು ಹುಡುಕಿದರೆ ಸಮಸ್ಯೆ ಬಗೆಹರಿಯಬಹುದು ಎಂದು ಅವಳ ಸಲಹೆ.

ಲೆಕ್ಕ ಬಹಳ ಸುಲಭ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ನೀವು ತಲಾ ಆರಿಂಚು, ಇಬ್ಬರೂ ಸೇರಿ ಒಂದು ಅಡಿ. ಅಂದರೆ ಹನ್ನೆರಡು ಅಡಿಯ ರ‍್ಯಾಂಪು. ನಾನೇ ಟೇಪು ಹಿಡಿದು ಅಳೆದು ತೋರಿಸಿದೆ. "ಜಾಗ ಎಲ್ಲಿದೆ ಮೇಡಂ?" ಎಂದರು ಮಾಲೀಕರು. ಹನ್ನೆರಡು ಅಡಿಯ ಆ ಜಾಗದಲ್ಲಿ ಆರು ಸ್ಕೂಟರು, ಒಂದು ಬೀಡಾ ಅಂಗಡಿ ಮತ್ತು ಮಾಲೀಕರ ಕಾರು ನಿಂತಿದ್ದವು.

ಎರಡನೇ ಸಲ ಹೋದಾಗ ಬೇರೆ ವಾದ. "ಮೂವತ್ತು ವರ್ಷದಿಂದ ಹೋಟೆಲ್ ನಡೆಸ್ತಿದ್ದೀನಿ ಮೇಡಂ, ವೀಲ್‌ಚೇರಿನವರು ಒಬ್ಬರೂ ಒಳಗೆ ಬಂದಿಲ್ಲ. ಯಾರಿಗೋಸ್ಕರ ಕಟ್ಟಿಸಲಿ?" 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರ. ವೀಲ್‌ಚೇರಿನವರು ಒಬ್ಬರೂ ನುಸುಳದಂತೆ ಮೂವತ್ತು ವರ್ಷ ಕಾದಿದ್ದೀರಿ. ರಜೆಯಿಲ್ಲ, ಸಂಬಳವಿಲ್ಲ. ಹೋಟೆಲಿನ ವಾರ್ಷಿಕೋತ್ಸವದಲ್ಲಿ ಹುಡುಗರಿಗೆಲ್ಲ ಶಾಲು ಹೊದಿಸುತ್ತಾರಂತೆ, ನಿಮಗೆ ಮಾತ್ರ ಕಾಲೊರೆಸು. ಅನ್ಯಾಯ.

ನಿಮ್ಮ ಶತ್ರು ಒಬ್ಬರೇ, ರಸ್ತೆ ಗುತ್ತಿಗೆದಾರರು. ಹಳೇ ಡಾಂಬರು ಕೆತ್ತದೆ ಮೇಲೆ ಮೇಲೆ ಹೊಸದನ್ನು ಹಾಕಿ ಹಾಕಿ ರಸ್ತೆ ನಿಮ್ಮ ಕಡೆಗೇ ಏರಿ ಬರುತ್ತಿದೆ. ಕೆಳಗಿನವರು ಈಗಾಗಲೇ ಎರಡಿಂಚು ಹೂತುಹೋಗಿದ್ದೀರಿ. ಈ ಊರಿನಲ್ಲಿ ನಿಯತ್ತಾಗಿ ರ‍್ಯಾಂಪು ಕಟ್ಟುತ್ತಿರುವುದು ಆ ಕಳಪೆ ಕಾಮಗಾರಿಯೊಂದೇ. ಇನ್ನು ನಾಲ್ಕು ಚುನಾವಣೆ ಕಳೆದರೆ ನನ್ನ ಗೆಳತಿ ಸಲೀಸಾಗಿ ಒಳಗೆ ಬರುತ್ತಾಳೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆದರೆ ಹೋದ ತಿಂಗಳು ಹೋಟೆಲು ನವೀಕರಣಗೊಂಡಿತು. ಹೊಸ ಬೋರ್ಡು, ಹೊಸ ಮೆನು, ಸುಸ್ವಾಗತ ಎಂದು ಬರೆದ ಹೊಸ ಕಾಲೊರೆಸು. ವಾಸ್ತುವಿನವರು ಬಂದು ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು ಎಂದರಂತೆ. ಒಂದನ್ನು ತೆಗೆಯಬಹುದಿತ್ತು. ಒಂದನ್ನು ಸೇರಿಸಿದರು. ನಿಮಗೆ ತಮ್ಮ ಹುಟ್ಟಿದ್ದಕ್ಕೆ ಅಭಿನಂದನೆಗಳು. ನನ್ನ ಹನ್ನೆರಡು ಅಡಿ ಈಗ ಹದಿನೆಂಟಾಗಿದೆ.

ನಮ್ಮ ಚಿಂತೆ ಬಿಡಿ, ನಮಗೊಂದು ಜಾಗ ಸಿಕ್ಕಿದೆ. ದೊಡ್ಡ ಆಸ್ಪತ್ರೆಯೊಂದರ ಕ್ಯಾಂಟೀನು. ಗೇಟಿನಿಂದ ಟೇಬಲಿನವರೆಗೆ ಒಂದೇ ಒಂದು ಮೆಟ್ಟಿಲಿಲ್ಲ, ಬಾಗಿಲು ಅಗಲ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ, ಗದ್ದಲವಿಲ್ಲ, ಎಬ್ಬಿಸುವವರಿಲ್ಲ. ಮೊದಲ ದಿನ ಸೆಕ್ಯೂರಿಟಿಯವರು "ಪೇಷಂಟ್ ಯಾರು, ಯಾವ ವಾರ್ಡು?" ಎಂದು ತಡೆದರು. "ನಾನೇ ಕಣಪ್ಪ, ಹಸಿವು" ಎಂದಳು. ಕೈತೊಳೆಯಲು ನಾನು ಆ ಕಡೆ ಹೋಗಿ ಬರುವಷ್ಟರಲ್ಲಿ ವಾರ್ಡ್‌ಬಾಯ್ ಒಬ್ಬ ಅವಳನ್ನು ಎಕ್ಸ್‌ರೇ ಕೋಣೆಯ ಬಾಗಿಲವರೆಗೆ ತಳ್ಳಿಕೊಂಡು ಹೋಗಿಬಿಟ್ಟಿದ್ದ. ಈಗ ಎಲ್ಲರಿಗೂ ಗುರುತಾಗಿದ್ದಾಳೆ. ಎದುರಿಗೇ ಹೆಂಚು, ದೋಸೆ ಎರಡನೇ ನಿಮಿಷಕ್ಕೇ ಬರುತ್ತದೆ. ಕಾಫಿಗೆ ಮೊದಲು ಅವಳು ಎರಡು ಲೋಟ ನೀರು ಕುಡಿಯುತ್ತಾಳೆ.

ಈ ವರ್ಷದ ಹುಟ್ಟುಹಬ್ಬವೂ ಅಲ್ಲೇ. ಏಳು ಗಂಟೆಯ ಮೇಲೆ ದೋಸೆ ಸಿಗುವುದಿಲ್ಲ, ಎಂಟೂವರೆಗೆ ಬಾಗಿಲು ಹಾಕುತ್ತಾರೆ.

ಇಂತಿ,
ನಿಮ್ಮನ್ನು ಹತ್ತಬಲ್ಲ, ಆದರೆ ಇನ್ನು ಹತ್ತದ ಗಿರಾಕಿ