ಬೀಳುವುದಕ್ಕೊಂದು ಉಡುಪು

ಮದುವೆಗೊಂದು, ಆಫೀಸಿಗೊಂದು, ವಾಕಿಂಗಿಗೊಂದು ಎಂದು ಬಟ್ಟೆ ಜೋಡಿಸಿಡುವ ನಮ್ಮಲ್ಲಿ ಬೀಳುವುದಕ್ಕೆಂದು ಉಡುಪು ಇಟ್ಟುಕೊಂಡವರು ಕಡಿಮೆ. ಸ್ಕೂಟರ್ ಓಡಿಸುವವರೆಲ್ಲ ಇವತ್ತಲ್ಲ ನಾಳೆ ಬೀಳುವವರೇ. ಬಿದ್ದೇ ಇಲ್ಲ ಎನ್ನುವವನು ಒಂದೋ ಸುಳ್ಳು ಹೇಳುತ್ತಾನೆ, ಇಲ್ಲವೇ ಗಾಡಿಯನ್ನು ನಿನ್ನೆ ತಾನೇ ತಂದಿರುತ್ತಾನೆ.

ಬೀಳುವುದಕ್ಕೆ ವೇಗವೇನೂ ಬೇಕಿಲ್ಲ. ಸ್ಕೂಟರಿನ ಚಕ್ರ ಹತ್ತೋ ಹನ್ನೆರಡೋ ಇಂಚಿನದು. ಬೆಂಗಳೂರಿನ ಗುಂಡಿಗಳು ಅಷ್ಟಕ್ಕೆಲ್ಲ ತೃಪ್ತಿಪಡುವುದಿಲ್ಲ. ಬೈಕಿನ ದೊಡ್ಡ ಚಕ್ರ ದಾಟಿಬಿಡುವ ಗುಂಡಿಗೆ ನಮ್ಮದು ಇಳಿದು, ಯೋಗಕ್ಷೇಮ ವಿಚಾರಿಸಿಕೊಂಡೇ ಬರುತ್ತದೆ. ಅದು ತಪ್ಪಿದರೆ ತಿರುವಿನ ಜಲ್ಲಿ, ಮೊದಲ ಮಳೆಗೆ ಮೇಲೆದ್ದ ಎಣ್ಣೆ ಜಿಡ್ಡು.

ನನ್ನ ಪಾಲಿಗೆ ಬಂದದ್ದು ಜಲ್ಲಿ. ನಮ್ಮದೇ ಬೀದಿಯ ತಿರುವು, ಎದುರಿಗೆ ಎಳನೀರಿನ ಗಾಡಿ. ಬಿದ್ದವನು ಮೊದಲು ನೋಡಿಕೊಳ್ಳುವುದು ಗಾಯವನ್ನಲ್ಲ, ಯಾರ್‍ಯಾರು ನೋಡಿದರು ಎಂಬುದನ್ನು. "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಬಾಯಿ ತಾನಾಗಿ ಹೇಳಿತು. ಒಬ್ಬರು ಗಾಡಿ ಎತ್ತಿದರು, ಒಬ್ಬರು ಕೀ ಕಿತ್ತರು, ಇನ್ನೊಬ್ಬರು "ಕೈ ಮಡಚಿ ನೋಡಿ ಸಾರ್" ಎಂದು ನಿಂತಲ್ಲೇ ಮೂಳೆ ಡಾಕ್ಟರಾದರು. ಎಳನೀರಿನವನು "ಹೆಲ್ಮೆಟ್ ಇತ್ತು, ಬಚಾವಾದ್ರಿ" ಎಂದು ತೀರ್ಪು ಕೊಟ್ಟ. ತಲೆಯ ಮಟ್ಟಿಗೆ ತೀರ್ಪು ಸರಿ. ಆದರೆ ಬೀಳುವವನು ಮೊದಲು ನೆಲಕ್ಕೆ ಊರುವುದು ಕೈಯನ್ನು. ಅಂಗೈಯ ಸಿಪ್ಪೆ ಸುಲಿದು, ಗಾಯ ಆರುವವರೆಗೆ ಸಾರನ್ನಕ್ಕೂ ಚಮಚವೇ ಗತಿಯಾಯಿತು.

ಅಲ್ಲಿಂದೀಚೆಗೆ ಗ್ಲೌಸು, ದಪ್ಪ ಜಾಕೆಟ್ಟು, ಶೂ ಹಾಕಿಕೊಂಡು ಹಾಲು ತರಲು ಹೊರಟರೆ ಪಕ್ಕದ ಮನೆಯವರು "ಏನ್ಸಾರ್, ಲಡಾಖಿಗಾ?" ಎನ್ನುತ್ತಾರೆ. ಅವರದು ಲುಂಗಿ, ಹವಾಯಿ ಚಪ್ಪಲಿ, ಚಳಿಗಾಲದಲ್ಲಿ ಹಿಂದುಮುಂದಾಗಿ ತೊಟ್ಟ ಜರ್ಕಿನ್. ಹೆಲ್ಮೆಟ್ ಇಲ್ಲವೆಂದಲ್ಲ. ಮೊಣಕೈಯಲ್ಲಿ ನೇತಾಡುತ್ತಿರುತ್ತದೆ, ಸರ್ಕಲ್ಲಿನಲ್ಲಿ ಪೊಲೀಸಿನವರು ಕಂಡೊಡನೆ ತಲೆಗೇರುತ್ತದೆ. "ಕೂದಲು ಉದುರುತ್ತೆ ಸಾರ್" ಎಂಬುದು ಅವರ ಅಳಲು. ಉದುರಲು ಅಲ್ಲೇನೂ ಉಳಿದಿಲ್ಲ.

ಇನ್ನು ಹಿಂದೆ ಕೂತವರ ವಿಷಯ. ಅವರ ಸೆರಗು ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಮರೆ ಇರಲೇಬೇಕೆಂದು ಕೇಂದ್ರದ ನಿಯಮವೇ ಇದೆ. 2016ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಸೀರೆಗೆ ಸಿಕ್ಕ ರಕ್ಷಣೆಗೆ ಸವಾರರು ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. ತಲೆಯ ಸರದಿ ಬಂದಾಗ ಮಾತ್ರ ಮುಡಿದ ಹೂವಿನಿಂದ ಹಿಡಿದು ಬ್ಯೂಟಿಪಾರ್ಲರ್ ಖರ್ಚಿನವರೆಗೆ ಎಲ್ಲವೂ ಚರ್ಚೆಗೆ ಬಂದವು.

ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎನ್ನುತ್ತಿದ್ದ ಹಿರಿಯರು ಸ್ಕೂಟರ್ ಕಂಡವರಲ್ಲ. ಆದರೂ ಹೆಲ್ಮೆಟ್ ಮಾಡುವ ಕೆಲಸ ಅದೇ. ಒಳಗಿನ ಥರ್ಮಾಕೋಲು ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಹಾಗೆ ಜಜ್ಜಿದ ಮೇಲೆ ಹೊರಗೆ ಎಷ್ಟೇ ಹೊಳೆಯಲಿ, ಅದು ಸೊಪ್ಪು ತರಲಷ್ಟೇ ಯೋಗ್ಯ. ಫುಟ್‌ಪಾತಿನಲ್ಲಿ ಮಾರುವ ಅರ್ಧ ಟೋಪಿಗೆ ಎಷ್ಟೋ ಸಲ ಆ ಥರ್ಮಾಕೋಲೇ ಇರುವುದಿಲ್ಲ. ಅದು ಪೊಲೀಸರನ್ನು ತಡೆದರೂ ತಡೆದೀತು, ರಸ್ತೆಯನ್ನು ತಡೆಯದು. ಬಕಲ್ ಹಾಕದ ಹೆಲ್ಮೆಟ್ಟಂತೂ ನಮಗಿಂತ ಮೊದಲು ಹಾರಿಹೋಗಿ ತಾನೊಬ್ಬನೇ ಬಚಾವಾಗುತ್ತದೆ.

ಆದ್ದರಿಂದ ನಗುವವರು ನಗಲಿ. ಐಎಸ್‌ಐ ಗುರುತು ನೋಡಿ ಕೊಳ್ಳಿ, ಬಕಲ್ ಹಾಕಿ, ಕೈಗೊಂದು ಗ್ಲೌಸಿರಲಿ. ಹಾಲಿಗೆ ಹೊರಟಾಗಲೂ.