ರ‍್ಯಾಮ್-ಕಾರ್ಡ್ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಈ ಶಾಸ್ತ್ರಕ್ಕೆ ಅಧಿಕಾರಿ, ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೀಟಿಗೆ ಕಾದಿರುವ ಮಗ. ವಿಷಯ, ಮನೆಯಲ್ಲೇ ಜೋಡಿಸುವ ಗೇಮಿಂಗ್ ಕಂಪ್ಯೂಟರು. ಪ್ರಯೋಜನ ಎರಡು ಬಗೆ: ಅಪ್ಪನ ಮುಂದೆ ಹೇಳುವುದು ‘ಕೋಡಿಂಗ್ ಕಲಿಯೋಕೆ’, ಇನ್ನೊಂದು ಅನುಭವವೇದ್ಯ. ಕ್ಷೇತ್ರವೆಂದರೆ ಬೆಂಗಳೂರಿನ ಎಸ್.ಪಿ. ರೋಡ್. ಅಲ್ಲಿ ಪ್ರದಕ್ಷಿಣೆ ಹಾಕದೆ ಮೊದಲ ಅಂಗಡಿಯಲ್ಲೇ ದುಡ್ಡು ಕೊಡುವವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಮೊದಲು ರ‍್ಯಾಮ್ ಪ್ರಕರಣ. 16 ಜಿಬಿಯ ಒಂದೇ ಸ್ಟಿಕ್ ಸಾಕೆಂಬವರು ಅದ್ವೈತಿಗಳು. 8ರ ಎರಡು ಬೇಕೆಂಬವರು ದ್ವೈತಿಗಳು. ಬೇರೆ ಬೇರೆ ಕಂಪನಿಯ ಎರಡನ್ನು ತಂದು ‘ಎಲ್ಲಾ ಒಂದೇ ಅಲ್ವಾ’ ಎನ್ನುವವರು ವಿಶಿಷ್ಟರು. ಅವರಿಗೆ ಕೆಲವೊಮ್ಮೆ ಕಂಪ್ಯೂಟರು ಬೂಟೇ ಆಗುವುದಿಲ್ಲ. ಸಿದ್ಧಾಂತ ದ್ವೈತದ ಪರವಾಗಿದೆ. ಜೋಡಿಯಿದ್ದರೆ ಪ್ರೊಸೆಸರಿಗೆ ಏಕಕಾಲಕ್ಕೆ ಎರಡು ದಾರಿ ತೆರೆಯುತ್ತದೆ, ಅದೇ ಡ್ಯುಯಲ್ ಚಾನೆಲ್. ಕೂರಿಸುವುದಕ್ಕೂ ವಿಧಿಯುಂಟು: ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದು, ನಾಲ್ಕನೆಯದು. ಮೊದಲೆರಡರಲ್ಲಿ ಅಕ್ಕಪಕ್ಕ ಕೂರಿಸಿದವನಿಗೆ ಖರ್ಚು ದ್ವೈತದ್ದು, ಫಲ ಅದ್ವೈತದ್ದು.

ಪೂರ್ವಪಕ್ಷಿ ಕೇಳುತ್ತಾನೆ: ‘ಡಿಡಿಆರ್ 4ರ ಮೇಲೆ 3200, ಡಿಡಿಆರ್ 5ರ ಮೇಲೆ 6000. ಹತ್ತಿರಹತ್ತಿರ ದುಪ್ಪಟ್ಟು ಚುರುಕಲ್ಲವೆ?’ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರುವ ಸಿಎಲ್ ಅಂಕಿಯನ್ನು ಅವನು ಓದಿಲ್ಲ. 3200ಕ್ಕೆ ಸಿಎಲ್ 16, 6000ಕ್ಕೆ ಸಿಎಲ್ 30 ಇದ್ದರೆ, ಕೇಳಿದ್ದಕ್ಕೆ ಉತ್ತರ ಶುರುವಾಗಲು ಎರಡಕ್ಕೂ 10 ನ್ಯಾನೋಸೆಕೆಂಡೇ. ಶುರುವಾದ ಮೇಲೆ ಧಾರಾಳವಾಗಿ ಸುರಿಯುವುದು ಹೊಸದರ ಗುಣ, ಅದನ್ನು ಅಲ್ಲಗಳೆಯುವಂತಿಲ್ಲ. ಅದೂ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿದರೆ. ಇಲ್ಲದಿದ್ದರೆ 6000 ಎಂದು ಕೊಂಡದ್ದು ಸಾಮಾನ್ಯವಾಗಿ 4800ರಲ್ಲೇ ತೂಕಡಿಸುತ್ತದೆ. ಪಿನ್ನು ಎರಡಕ್ಕೂ 288, ಕಚ್ಚು ಮಾತ್ರ ಬೇರೆ ಜಾಗದಲ್ಲಿ. ಒತ್ತಿ ಕೂರಿಸುವುದು ಪೌರುಷವಲ್ಲ.

ಬಣ್ಣದ ದೀಪವಿದ್ದರೆ ರ‍್ಯಾಮ್ ಜೋರಾಗಿ ಓಡುತ್ತದೆ ಎಂಬ ದೀಪವಾದಿಗಳ ಜತೆ ವಾದಕ್ಕಿಳಿಯಬಾರದು. ಅದು ಶ್ರದ್ಧೆ.

ಇನ್ನು ಗ್ರಾಫಿಕ್ಸ್ ಪ್ರಕರಣ. ‘ಅಣ್ಣಾ, ನಾಲ್ಕು ಜಿಬಿ ಕಾರ್ಡ್ ಎಷ್ಟು?’ ಎಂದು ಕೇಳಿದರೆ ಅಂಗಡಿಯವರು ಧೂಳು ಒರೆಸಿ ಒಂದು ಜಿಟಿ 730 ಇಟ್ಟಾರು. ಜಿಬಿ ನಾಲ್ಕೇ, ಸುಳ್ಳಲ್ಲ. ಒಳಗಿರುವುದು ಡಿಡಿಆರ್ 3. ಕೇಳಿದ್ದನ್ನೇ ಕೊಟ್ಟವರ ಮೇಲೆ ಏನೆಂದು ಜಗಳ ಕಾಯುವುದು? ಜಿಬಿ ಅಖಂಡ ವಸ್ತುವೂ ಅಲ್ಲ. 2014ರ ಜಿಟಿಎಕ್ಸ್ 970 ಇದಕ್ಕೆ ಪ್ರಮಾಣ: 4 ಜಿಬಿಯಲ್ಲಿ ಮೂರೂವರೆ ವೇಗದ್ದು, ಕೊನೆಯ ಅರ್ಧ ನಿಧಾನದ್ದು. ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದರು. 2016ರಲ್ಲಿ ಎನ್ವಿಡಿಯಾ ಕಾರ್ಡಿಗೆ 30 ಡಾಲರ್ ಕೊಡಲು ಒಪ್ಪಿತು. ಖಂಡ-ಅಖಂಡ ವಿಚಾರ ರೊಕ್ಕದಲ್ಲಿ ಇತ್ಯರ್ಥವಾದದ್ದು ದರ್ಶನಗಳ ಇತಿಹಾಸದಲ್ಲಿ ಅಪರೂಪ.

ಅಣ್ಣತಮ್ಮಂದಿರ ವ್ಯಾಜ್ಯವೂ ಇದೆ. 2021ರ ಆರ್‌ಟಿಎಕ್ಸ್ 3060ಕ್ಕೆ 12 ಜಿಬಿ, 192 ಬಿಟ್‌ನ ಹಾದಿ. 2023ರ 4060ಕ್ಕೆ 8 ಜಿಬಿ, 128 ಬಿಟ್. ಪಾಲಿನಲ್ಲಿ ತಮ್ಮನಿಗೆ ಕಡಿಮೆ ಬಂತು, ಆದರೂ ಹೆಚ್ಚಿನ ಆಟಗಳಲ್ಲಿ ಅವನೇ ಮುಂದೆ. 24 ಎಂಬಿ ಎಲ್2 ಕ್ಯಾಶ್ ಅವನ ಸ್ವಯಾರ್ಜಿತ. ಆಟ 8 ಜಿಬಿ ದಾಟಿತೋ, ಅಣ್ಣನ ಮಾತೇ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಬಗ್ಗೆ ಒಂದೇ ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಅಲ್ಲಿ ದುಡಿದ ಬಹಳಷ್ಟು ಕಾರ್ಡುಗಳು ಪೇಟೆಗೆ ಬಂದವು. ‘ಒಬ್ಬರೇ ಯೂಸ್ ಮಾಡಿರೋದು ಸರ್’ ಎಂದರೆ ನಂಬಿ. ಆ ಒಬ್ಬರು ಹಗಲೂ ರಾತ್ರಿ ಯೂಸ್ ಮಾಡಿದ್ದರು.

ಕಡೆಯದು ಪ್ರಾಯಶ್ಚಿತ್ತ ಪ್ರಕರಣ. ದುಬಾರಿ ಕಾರ್ಡು ಕೂರಿಸಿ, ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚುವುದು ಮಹಾಪಾತಕ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಪರದೆ ಬೆಳಗುತ್ತದೆ, ಆಟವೂ ತೆವಳುತ್ತದೆ. ಹಾಗಾಗಿ ಪಾಪ ಬಹುಕಾಲ ಗುಪ್ತವಾಗಿರುವುದುಂಟು. ಪರಿಹಾರ: ಕೇಬಲ್ ಕಿತ್ತು, ಕೆಳಗಿರುವ ಕಾರ್ಡಿನ ಪೋರ್ಟಿಗೆ ಹಾಕುವುದು. ಅಷ್ಟರೊಳಗೆ ಅಂಗಡಿಗೆ ಫೋನ್ ಮಾಡಿ ಬೈದಾಗಿದ್ದರೆ ಅದಕ್ಕೆ ಪರಿಹಾರ ಯಾವ ಸ್ಮೃತಿಯಲ್ಲೂ ಹೇಳಿಲ್ಲ. ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗತಕ್ಕದ್ದು.