ಸರಾಸರಿ ರೊಟ್ಟಿ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋದವರಿಗೆ ದೇವಿಗಿಂತ ಮೊದಲು ದರ್ಶನ ಕೊಡುವವರು ರೊಟ್ಟಿ ಬುಟ್ಟಿಯ ಅವ್ವಂದಿರು. ತಲೆಯ ಮೇಲೆ ಬುಟ್ಟಿ, ಅದರೊಳಗೆ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ‘ಊಟಾ ಮಾಡ್ರೀ ಅಣ್ಣಾರ’ ಎಂದು ಕರೆದು, ನೆರಳಿನಲ್ಲಿ ಕೂರಿಸಿ ಬಡಿಸುತ್ತಾರೆ.

ಇವರನ್ನೆಲ್ಲ ಡೇಟಾ ಮಾಡಬೇಕೆಂದು ಒಂದು ಕಚೇರಿಗೆ ಹೊಳೆಯಿತು ಅಂದುಕೊಳ್ಳಿ. ಹೆಸರು ಬೇಡ, ನಿಮ್ಮ ಕಚೇರಿಯೇ ಇದ್ದೀತು. ಟ್ಯಾಬ್ ಹಿಡಿದ ಹುಡುಗ ಬಂದ.

‘ಅವ್ವಾ, ದಿನಕ್ಕೆ ಸರಾಸರಿ ಎಷ್ಟು ರೊಟ್ಟಿ ತರ್ತೀರಿ?’

‘ಯಾವತ್ತಿನ ದಿನಾ, ತಮ್ಮಾ?’

‘ಯಾವುದೋ ಒಂದು ದಿನ.’

‘ಅಂಥಾ ದಿನಾ ನಮ್ಮ ಪಂಚಾಂಗದಾಗ ಇಲ್ಲಲ್ಲೋ!’

ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ‘ಶುಕ್ರವಾರದ್ದು ಒಂದು ಲೆಕ್ಕ, ಅಮಾಸಿದು ಇನ್ನೊಂದು. ಸಾಲಿ ಹುಡುಗರ ಬಸ್ ಬಂದ್ರ ರೊಟ್ಟಿ ಉಳೀತಾವ, ಮೊಸರು ತೀರತೈತಿ. ದೊಡ್ಡ ಊರಿನ ಕಾರ್ ಬಂದ್ರ ಫೋಟೋ ತೀರತಾವ, ಎರಡೂ ಉಳೀತಾವ. ಬನದ ಹುಣ್ಣಿವಿ ಜಾತ್ರಿಗೆ ನಾಟಕ ಕಂಪನಿ ಬಂದು ಕುಂತ್ವು ಅಂದ್ರ ಲೆಕ್ಕಾನ ಬ್ಯಾರೆ. ಮುಂಜಾನೆ ಮಾಡ ನೋಡಿ ಹಿಟ್ಟು ನಾದತೇನಿ.’

ಟ್ಯಾಬಿನಲ್ಲಿ ಮೋಡಕ್ಕೆ ಜಾಗವಿರಲಿಲ್ಲ. ಒಂದೇ ಒಂದು ಚೌಕ, ಅದರಲ್ಲಿ ಅಂಕಿ ಮಾತ್ರ ಕೂರುತ್ತದೆ. ಹುಡುಗ 60 ಎಂದು ಒತ್ತಿದ. ಪಾಪ, ಅವನಿಗೂ ಆ ದಿನ ಮುಗಿಸಬೇಕಾದ ಬುಟ್ಟಿಗಳ ಸಂಖ್ಯೆ ಮೇಲಿನಿಂದ ಬಂದಿತ್ತು.

ಈ 60 ತಾಲ್ಲೂಕಿನಲ್ಲಿ ದತ್ತಾಂಶವಾಗಿತ್ತು. ಜಿಲ್ಲೆಗೆ ಹೋಗಿ ಬಣ್ಣದ ಕಂಬವಾಗಿ ನಿಂತು ಮಾಹಿತಿಯಾಯಿತು. ರಾಜಧಾನಿಯಲ್ಲಿ ಗೋಡಂಬಿ ತಟ್ಟೆಯ ಪಕ್ಕದ ಪರದೆಯ ಮೇಲೆ ಮೂಡಿದಾಗ ಜ್ಞಾನದ ಪದವಿಯೂ ಸಿಕ್ಕಿತು. ದತ್ತಾಂಶದಿಂದ ಮಾಹಿತಿ, ಮಾಹಿತಿಯಿಂದ ಜ್ಞಾನ, ಜ್ಞಾನದಿಂದ ವಿವೇಕದವರೆಗೆ ಮೆಟ್ಟಿಲಿದೆ ಎಂದು ರಸೆಲ್ ಆಕಾಫ್ ಎಂಬ ಅಮೆರಿಕದ ಪಂಡಿತರು 1989ರಲ್ಲಿ ಬರೆದಿದ್ದರು. ಆ ಮೆಟ್ಟಿಲನ್ನು ಅಂಕಿ ತಾನೇ ಹತ್ತುತ್ತದೆ, ಜೊತೆಗೆ ಮನುಷ್ಯ ಹೋಗಬೇಕಿಲ್ಲ ಎಂದು ನಮ್ಮವರು ತಿಳಿದರು. ಎಲ್ಲ ಅವ್ವಂದಿರಿಗೂ ಸರಿಯಾಗಿ 60 ರೊಟ್ಟಿ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ಮಂಜೂರಾಯಿತು. ಅಮಾವಾಸ್ಯೆಗೆ ಅದು ಸಾಲುವುದಿಲ್ಲ, ಸೋಮವಾರ ಅದರ ಅರ್ಧವೂ ತುಂಬುವುದಿಲ್ಲ.

ರೊಟ್ಟಿಯ ವಿಷಯವಾದರೆ ನಕ್ಕು ಬಿಡಬಹುದು. ನೀರಿನ ವಿಷಯ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಇದೇ ಸೀಮೆಯ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದಳು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬರುವುದು ಕ್ಯೂಸೆಕ್‌ನಲ್ಲಿ. ನೀರು ಮಾತ್ರ ಬರುವುದು ದನದ ಕೊಟ್ಟಿಗೆಯ ಕಡೆಯಿಂದ. ಯಾವ ಹಳ್ಳ ಮೊದಲು ಹಿಂದೊತ್ತುತ್ತದೆ, ಯಾವ ಓಣಿ ಮೊದಲು ತುಂಬುತ್ತದೆ ಎಂಬುದು 2009ರ ನೆರೆ ಕಂಡ ಹೊಳೆದಂಡೆಯ ಮುದುಕರಿಗೆ ಗೊತ್ತು. ನಮೂನೆಯಲ್ಲಿ ಮುದುಕರ ಕಾಲಂ ಇಲ್ಲ.

  

ಅವ್ವ ಹೇಳಿದ ಮೋಡ, ಬಸ್ಸು, ಅಮಾವಾಸ್ಯೆ ಎಲ್ಲವೂ ವರದಿಯ ಕೊನೆಯ ಪುಟದ ಷರಾ ಕಾಲಂನಲ್ಲಿ ಒಂದೇ ಸಾಲಾಗಿ ದಾಖಲಾಗಿವೆ: ‘ಮಾಹಿತಿದಾರರು ಸ್ಪಷ್ಟ ಉತ್ತರ ನೀಡಲಿಲ್ಲ.’

ನೀವು ಅಮಾವಾಸ್ಯೆಯ ದಿನ ಬನಶಂಕರಿಗೆ ಹೋಗುವವರಿದ್ದರೆ ಮಧ್ಯಾಹ್ನ ಮಾಡಬೇಡಿ. ಡಬ್ಬಿ ಬಂದಮೇಲೆ ರೊಟ್ಟಿ ಬೇಗ ತೀರುತ್ತಿವೆ.